ಕೈ ತೋರಿಸು

ಬೋರ್ನಿಯೋ ಕಾಡಿನ ಒರಾಂಗುಟಾನ್ ಆಸರೆ ಕೇಂದ್ರದಲ್ಲಿ, ಗಾಜಿನಾಚೆ ಡಯಪರ್ ತೊಟ್ಟ ಮರಿಯೊಂದು ದಿಂಬನ್ನೇ ತಾಯಿಯೆಂದು ಅವುಚಿಕೊಂಡಿತ್ತು. ಗಂಡನ ಜೊತೆ ಪ್ರವಾಸ ಬಂದಿದ್ದ ಅವಳಿಗೆ, ಊರಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಮಗ ನೆನಪಾದ. ಐದು ವರ್ಷದ ಹಿಂದೆ ಗಂಡ ಅವನನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಅವಳ ಮಡಿಲಿಗೆ ಹಾಕಿದ್ದ. "ಸಾಕೋಕಾಗಲ್ಲ ಅಂತ ಹೆತ್ತೋಳೇ ಕೊಟ್ಳು ಕಣೇ," ಎಂದಿದ್ದ. ದಾರಿಯಲ್ಲಿ ನಾಯಿ ಕಚ್ಚಿತು ಎಂದಿದ್ದ; ಗಂಡನ ಮುಂಗೈಯಿಂದ ರಕ್ತ ಸುರಿಯುತ್ತಿದ್ದರೂ ಕೂಸಿನ ಮೈಮೇಲೆ ಒಂದು ಗೀರೂ ಇರಲಿಲ್ಲ.

"ಇದರ ತಾಯಿ ಎಲ್ಲಿ?" ಟೂರಿನ ಜೊತೆ ಬಂದಿದ್ದ ಕನ್ನಡದ ಗೈಡನನ್ನು ಕೇಳಿದಳು.

"ಮರಿ ಕದಿಯೋಕೆ ಬಂದೋನು ಮಚ್ಚಲ್ಲಿ ಕೊಚ್ಚಿ ಹಾಕ್ದ ಮೇಡಂ."

"ಅಯ್ಯೋ! ಮರಿ ಬೇಕಿದ್ರೆ ಕಿತ್ಕೊಂಡು ಹೋಗ್ಬೇಕಿತ್ತು. ತಾಯಿನ ಯಾಕೆ ಕೊಲ್ಬೇಕು?"

"ಜೀವ ಇರೋವರೆಗೂ ಬಿಡಲ್ವಲ್ಲ ಮೇಡಂ! ಒಂದು ಕೈ ಕಡಿದ್ರೆ ಇನ್ನೊಂದು ಕೈಯಲ್ಲಿ ಅವಚ್ಕೊಳ್ಳುತ್ತೆ. ಅದನ್ನೂ ಕಡಿದ್ರೆ ಕಚ್ಚೋಕೆ ಬರುತ್ತೆ."

"ನಡಿಯೇ, ಬಸ್ಸಿಗೆ ಹೊತ್ತಾಯ್ತು," ಎಂದ ಗಂಡ.

"ಇರ್ರೀ. ಆ ಪಾಪಿ ಸಿಕ್ಕಿಬಿದ್ನಾ?"

"ಸಿಕ್ದ. ಅನಾಥ ಮರಿ, ಕಾಡಲ್ಲಿ ಬಿದ್ದಿತ್ತು, ಪಾಪ ಅನ್ನಿಸ್ತು ಅಂತ ತಾನೇ ತಂದ್ಕೊಟ್ಟು ದುಡ್ಡು ಕೇಳ್ದ. ಇಲ್ಲಿ ಮರಿ ತಂದೋರನ್ನ ಎಲ್ಲಿ ಸಿಕ್ತು, ಹೇಗೆ ಸಿಕ್ತು ಅಂತ ಕೇಳಲ್ಲ ಮೇಡಂ. ಮೊದ್ಲು ಕೈ ತೋರಿಸು ಅಂತಾರೆ. ಅವನ ಮುಂಗೈ ತುಂಬ ತಾಯಿ ಹಲ್ಲಿನ ಗುರುತಿತ್ತು."

ಅವಳು ಗಂಡನ ಕಡೆ ತಿರುಗಿದಳು. ಆ ಸೆಕೆಯಲ್ಲೂ ಅವನು ಮಡಚಿದ್ದ ಅಂಗಿಯ ತೋಳನ್ನು ಬಿಚ್ಚಿ ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತಿದ್ದ.