ಐದನೇ ತರಗತಿಯ ಪ್ರಾರ್ಥನೆ

"ಮಾತೆ ಮರಿಯಾ, ನಮ್ಮ ಕಿಗೊಂಗೊ ಮೇಷ್ಟ್ರನ್ನ ದೇವ್ರು ಬೇಗ ಕರೆಯೋ ಹಾಗೆ ಮಾಡು."

"ಆಮೆನ್!" ಎಂದು ಇಡೀ ಐದನೇ ತರಗತಿ ಕೂಗಿತು.

ಶಾಲೆಯಂಗಳದಲ್ಲಿ ಮರಿಯಮ್ಮನ ಪ್ರತಿಮೆ ಇಟ್ಟಿದ್ದ ಗವಿಯ ಹಿಂದೆ ಅಡಗಿ ಕೂತು ಹುರಿದ ಕಡಲೆಕಾಯಿ ತಿನ್ನುತ್ತಿದ್ದ ಪೊನ್ಸಿಯಾನೊ ಕಿಗೊಂಗೊ ಮೇಷ್ಟರಿಗೆ ಬಾಯಲ್ಲಿದ್ದುದು ಗಂಟಲಿಗಿಳಿಯಲಿಲ್ಲ. ನ್ಯಾಯವಾಗಿ ಅವರೂ ಮಕ್ಕಳ ಜೊತೆ ಮಂಡಿಯೂರಿ ಜಪಮಾಲೆ ಹಿಡಿದಿರಬೇಕಿತ್ತು. ಆದರೆ ಮಸಾಕಾ ಸೀಮೆಯ ನಮ್ಮ ಶಾಲೆಯಲ್ಲಿ ಭಕ್ತಿ ಮಕ್ಕಳಿಗೆ, ಮಂಡಿನೋವು ಮೇಷ್ಟರುಗಳಿಗೆ ಎಂದು ಮೊದಲಿನಿಂದಲೂ ಹಂಚಿಕೆಯಾಗಿದೆ.

"ಅವ್ರಿಗೆ ಹೆಂಡ್ತಿ ಇಲ್ಲ, ಮಕ್ಳಿಲ್ಲ," ತರಗತಿಯ ನಾಯಕಿ ಗೌಡೆನ್ಸಿಯಾ ಮರಿಯಮ್ಮನಿಗೆ ವಿವರಿಸುತ್ತಿದ್ದಳು. "ಹೋದ್ರೆ ಯಾರಿಗೂ ತೊಂದ್ರೆ ಇಲ್ಲ."

ಮೇಷ್ಟರು ಲೆಕ್ಕ ಹಾಕಿದರು. ಹೋದ ತಿಂಗಳು ಆಸ್ಪತ್ರೆಯಿಂದ ನರ್ಸ್ ಬಂದು ಎಲ್ಲ ಮೇಷ್ಟರುಗಳ ರಕ್ತ ತೆಗೆದುಕೊಂಡು ಹೋಗಿದ್ದಳು. ಏನು ಸಿಕ್ಕಿತೋ ಏನೋ, ಸುದ್ದಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಇಮ್ಮಾಕುಲಾಟಾ ಕಿವಿಗೆ ಬಂದಿರಬೇಕು, ಅಲ್ಲಿಂದ ಮಕ್ಕಳಿಗೆ. ಮೇ ತಿಂಗಳ ಪ್ರಾರ್ಥನೆಯ ಬಗ್ಗೆ ಸೋಮವಾರದ ಸಭೆಯಲ್ಲಿ ಸಿಸ್ಟರ್ ಏನೋ ಹೇಳಿದ್ದು ನಿಜ. ಅದೇನೆಂದು ಕಿಗೊಂಗೊ ಮೇಷ್ಟರಿಗೆ ತಿಳಿಯದು, ನಿದ್ದೆ ಹತ್ತಿತ್ತು. ನಮ್ಮ ಸಭೆಗಳಲ್ಲಿ ಎಚ್ಚರವಾಗಿರುವುದು ಗೋಡೆಯ ಮೇಲಿನ ಸಂತರು ಮಾತ್ರ.

ಅವರು ನೇರವಾಗಿ ಸಿಸ್ಟರ್ ಕೋಣೆಗೆ ಹೋದರು.

"ಮಕ್ಕಳು ನನಗೋಸ್ಕರ ಪ್ರಾರ್ಥನೆ ಮಾಡ್ತಿದಾರೆ ಸಿಸ್ಟರ್."

"ಗೊತ್ತು ಮೇಷ್ಟ್ರೇ. ನಿಮ್ಮ ಹೆಸರು ಕೇಳಿ ನನಗೂ ಆಶ್ಚರ್ಯ ಆಯ್ತು. ಆದ್ರೆ ದೇವ್ರು ಯಾರನ್ನ, ಯಾವಾಗ ಕರೀತಾನೆ ಅಂತ ನಾವು ಹೇಳೋಕಾಗತ್ತಾ? ನಿಮಗೇ ಒಳಗೊಳಗೆ ಏನೂ ಅನ್ನಿಸ್ತಿಲ್ವಾ?"

"ಊಟ ಆದ್ಮೇಲೆ ಸ್ವಲ್ಪ ಎದೆ ಉರಿಯತ್ತೆ."

"ಶುರುವಾಗೋದೇ ಹಾಗೆ," ಎಂದು ಸಿಸ್ಟರ್ ಮುಗುಳ್ನಕ್ಕು ಶಿಲುಬೆಯ ಗುರುತು ಹಾಕಿದರು.

ಮರುದಿನ ಗೌಡೆನ್ಸಿಯಾ ದಾರ ಹಿಡಿದು ಬಂದು ಅವರ ಭುಜದಿಂದ ಹಿಮ್ಮಡಿಯವರೆಗೆ ಅಳೆದಾಗ ಉಳಿದಿದ್ದ ಧೈರ್ಯವೂ ಹೋಯಿತು.

"ಇದೇನಮ್ಮಾ?"

"ಬಿಳಿ ಬಟ್ಟೆಗೆ ಮೇಷ್ಟ್ರೇ. ಆಮೇಲೆ ಅವಸರ ಆಗ್ಬಾರ್ದಲ್ಲ, ಈಗ್ಲೇ ಹೊಲಿಸಿ ಇಡ್ತೀವಿ."

ನಮ್ಮಲ್ಲಿ ಗಂಡಸಿಗೆ ಉದ್ದನೆಯ ಬಿಳಿ ಅಂಗಿ ತೊಡಿಸುವುದು ಮದುವೆಯ ಮಾತುಕತೆಯ ದಿನ. ತನ್ನನ್ನು ಕಟ್ಟಿಕೊಳ್ಳುವ ಹುಚ್ಚು ಯಾರಿಗೂ ಹಿಡಿದಿಲ್ಲ ಎಂಬುದು ಮೇಷ್ಟರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಉಳಿದದ್ದು ಒಂದೇ ಬಿಳಿ ಬಟ್ಟೆ.

ಸಾವು ಹತ್ತಿರ ಬಂದರೆ ಎಂಥವರೂ ಸುಧಾರಿಸುತ್ತಾರೆ. ಕಿಗೊಂಗೊ ಮೇಷ್ಟರು ಬೆತ್ತವನ್ನು ಮುರಿದು ಅಡುಗೆಮನೆಯ ಒಲೆಗೆ ಹಾಕಿದರು. ಸಹೋದ್ಯೋಗಿಯಾದ ನನ್ನಿಂದ ಎರವಲು ಪಡೆದು ತಮ್ಮದೇ ಮಾಡಿಕೊಂಡಿದ್ದ ಕೊಡೆಯನ್ನು ಹಿಂದಿರುಗಿಸಿದರು. ಎಲ್ಲರ ಬಳಿ ಕ್ಷಮೆ ಕೇಳಿದರು. ನಾವು ಹೆದರಿಬಿಟ್ಟೆವು.

ಒಂದು ಕೆಲಸ ಮಾತ್ರ ಬಾಕಿ ಉಳಿಯಿತು. ಎರಡನೇ ತರಗತಿಯ ಪೆರ್ಪೆಟುವಾ ನಾಲುಬೆಗಾ ಟೀಚರಿಗೆ ಒಂದು ಮಾತು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅವರ ಬಾಗಿಲವರೆಗೆ ಹೋಗಿ, ನಾಲಿಗೆ ಏಳದೆ, ಸೀಮೆಸುಣ್ಣ ಕೇಳಿ ಇಸಿದುಕೊಂಡು ವಾಪಸಾಗುತ್ತಿದ್ದರು. ಮನೆಯಲ್ಲಿ ಸೀಮೆಸುಣ್ಣದ ಗುಡ್ಡೆಯೇ ಬಿದ್ದಿತ್ತು. ಸಾಯುವುದಕ್ಕಿಂತ ಆ ಮಾತು ಹೇಳದೆ ಸಾಯುವುದು ಅವರಿಗೆ ಹೆಚ್ಚು ಸಂಕಟವಾಯಿತು.

ಶಾಲೆ ಬಿಟ್ಟ ಮೇಲೆ ಮಾವಿನಮರದಡಿ ಅವರನ್ನು ಹಿಡಿದರು.

"ಸೀಮೆಸುಣ್ಣ ಖಾಲಿಯಾಗಿದೆ," ಎಂದರು ಪೆರ್ಪೆಟುವಾ.

"ಸೀಮೆಸುಣ್ಣ ಬೇಡ. ನಾನು ಇನ್ನು ಹೆಚ್ಚು ದಿನ ಇಲ್ಲಿರಲ್ಲ ಟೀಚರ್."

"ಗೊತ್ತು. ಇಡೀ ಶಾಲೆಗೇ ಗೊತ್ತು." ಪೆರ್ಪೆಟುವಾ ಮುಖ ತಿರುಗಿಸಿದರು. "ಹೋಗೋದೇ ಅಂತ ಗಟ್ಟಿ ಮಾಡ್ಕೊಂಡ್ಬಿಟ್ರಾ?"

"ನನ್ನ ಕೈಲೇನಿದೆ? ಹೋಗೋ ಮುಂಚೆ ಒಂದು ಮಾತು. ನಿಮ್ಮನ್ನ ನೋಡಿದ ದಿನದಿಂದ ನನಗೆ ನಿಮ್ಮ ಮೇಲೆ ಮನಸ್ಸಿದೆ. ಉತ್ತರ ಬೇಡ. ಹೇಳಿ ಹಗುರಾದ್ರೆ ಸಾಕು."

ಪೆರ್ಪೆಟುವಾ ಕಣ್ಣೊರೆಸಿಕೊಂಡರು. ಆಮೇಲೆ ಸಿಟ್ಟಾದರು.

"ಇಷ್ಟು ವರ್ಷ ಬಾಯಲ್ಲೇನು ಕಡುಬು ಇಟ್ಕೊಂಡಿದ್ರಾ? ಎಲ್ಲಿಗೂ ಹೋಗೋದು ಬೇಡ. ಭಾನುವಾರ ಪೂಜೆ ಮುಗಿಸಿ ನಮ್ಮ ಸೋದರತ್ತೆ ಮನೆಗೆ ಬನ್ನಿ. ನಾನು ಕರೀತಿದೀನಿ."

ಯಮನನ್ನು ಸೋದರತ್ತೆ ಹೇಗೆ ತಡೆದಾಳು ಎಂದು ಮೇಷ್ಟರಿಗೆ ಹೊಳೆಯಲಿಲ್ಲ. ಆದರೂ ಹೋದರು. ಅತ್ತೆ ಕಡಲೆಕಾಯಿ ಸಾರು, ಬೇಯಿಸಿದ ಬಾಳೆಕಾಯಿ ಬಡಿಸಿ ಮದುವೆಯ ಮಾತು ಪಕ್ಕಾ ಮಾಡಿಯೇ ಕಳಿಸಿದಳು. ಎರಡು ಸಲ ಬಡಿಸಿಕೊಂಡರೂ ಎದೆ ಉರಿಯಲಿಲ್ಲ. ಸಾಯುವ ಮೊದಲು ಇಷ್ಟು ಸುಖ ಸಿಕ್ಕರೆ ಸಾವೂ ಪರವಾಗಿಲ್ಲ ಎನಿಸಿತು ಅವರಿಗೆ.

ಸೋಮವಾರದ ಅಸೆಂಬ್ಲಿಯಲ್ಲಿ ಸಿಸ್ಟರ್ ಇಮ್ಮಾಕುಲಾಟಾ ಮದುವೆಯ ಸುದ್ದಿ ಸಾರಿದರು. ಶಾಲೆಗೆ ಶಾಲೆಯೇ ಡೋಲು ಬಡಿದು ಕುಣಿಯಿತು. ಐದನೇ ತರಗತಿ ಮಾತ್ರ ಕೈಕಟ್ಟಿ ನಿಂತಿತ್ತು. ಮುಂದೆ ಗೌಡೆನ್ಸಿಯಾ, ಕಂಕುಳಲ್ಲಿ ಮಡಿಸಿದ ಬಿಳಿ ಬಟ್ಟೆ, ಕಣ್ಣಲ್ಲಿ ನೀರು.

ಮೇಷ್ಟರಿಗೆ ತಡೆಯಲಾಗಲಿಲ್ಲ. "ಯಾಕಮ್ಮಾ, ನಾನು ಇನ್ನೂ ಸತ್ತಿಲ್ಲ ಅಂತ ಬೇಜಾರಾ?"

"ಸಾಯೋದಾ?" ಗೌಡೆನ್ಸಿಯಾ ಬಾಯಿಬಿಟ್ಟು ನೋಡಿದಳು. "ಒಂದೊಂದು ತರಗತಿ ಒಬ್ಬೊಬ್ಬರನ್ನ ಆರಿಸ್ಕೊಳ್ಳಿ ಅಂತ ಸಿಸ್ಟರ್ ಹೇಳಿದ್ರು. ನಿಮ್ಮನ್ನ ಪಾದ್ರಿ ಆಗೋಕೆ ದೇವ್ರು ಕರೀಲಿ ಅಂತ ನಾವು ದಿನಾ ಮಂಡಿ ಸವೆಸಿದ್ವಿ ಮೇಷ್ಟ್ರೇ, ನೀವು ಪೆರ್ಪೆಟುವಾ ಟೀಚರ್ ಒಂದೇ ಒಂದು ಸಲ ಕರೆದ ತಕ್ಷಣ ಎದ್ದು ಹೋಗ್ಬಿಟ್ರಲ್ಲ!"