ಬೇರೆ ಹಾಡು

ಓಟದ ಚಿನ್ನದ ಪದಕ ಕೊರಳಿಗೆ ಬಿದ್ದ ಮೇಲೆ ದಾನಮ್ಮ ನೆಟ್ಟಗೆ ನಿಂತಳು. ಪರದೇಶದ ಆ ಮೈದಾನದಲ್ಲಿ ಹಾಡು ಶುರುವಾಯಿತು. ಆದರೆ ಅದು ‘ಜನ ಗಣ ಮನ’ ಆಗಿರಲಿಲ್ಲ. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಒಂದೇ ಅರ್ಥ ಹೊಳೆಯಿತು: ಗೆದ್ದವರು ಬೇರೆ ಯಾರೋ, ತನ್ನನ್ನು ತಪ್ಪಾಗಿ ಇಲ್ಲಿ ನಿಲ್ಲಿಸಿದ್ದಾರೆ. ನಾಚಿಕೆಯಿಂದ ಮೈ ಬೆವರಿ, ಕಾಲಿನಿಂದ ಮೆಟ್ಟಿಲು ತಡಕುತ್ತ ಕೆಳಗಿಳಿಯಹೋದಳು.

ಪಕ್ಕದಲ್ಲಿದ್ದ ಪ್ರೀತಿ ಅವಳ ಮುಂಗೈ ಹಿಡಿದಳು. ಆರು ವರ್ಷದಿಂದ ಬನಹಟ್ಟಿಯ ಮೈದಾನದಲ್ಲಿ ಕೈಗೆ ಕೈ ದಾರದಿಂದ ಕಟ್ಟಿಕೊಂಡು, ದಾನಮ್ಮನಿಗೆ ದಾರಿ ತೋರಿಸುತ್ತ ಜೊತೆಗೆ ಓಡಿದವಳು ಪಕ್ಕದೂರು ಚಿಮ್ಮಡದ ಈ ಹುಡುಗಿ.

“ಇಳಿಬ್ಯಾಡ. ಗೆದ್ದಾಕಿ ನೀನ.”

“ಮತ್ತ ಇದು ಯಾರ ಹಾಡು?”

“ಯಾವ ದೇಶದ್ದೂ ಅಲ್ಲ. ನಮ್ಮ ದೇಶದ ಕ್ರೀಡಾ ಒಕ್ಕೂಟಾನ ಬ್ಯಾನ್ ಮಾಡ್ಯಾರ. ನಾವು ದೇಶದ ಹೆಸರಿಲ್ಲದ ಓಡೇವಿ. ಮ್ಯಾಲ ಏರಾಕತ್ತಿದ್ದೂ ಆಟ ನಡಸೋರ ಬಾವುಟ.”

ದಾನಮ್ಮನ ಬೆರಳುಗಳು ತನ್ನ ಅಂಗಿಯ ಎದೆಯ ಮೇಲೆ ಹರಿದಾಡಿದವು. ತ್ರಿವರ್ಣ ಹೊಲಿದಿರಬೇಕಾದ ಜಾಗದಲ್ಲಿ ನುಣ್ಣನೆಯ ಬಟ್ಟೆಯಷ್ಟೇ ಇತ್ತು. ಬೆಳಿಗ್ಗೆ ಈ ಹೊಸ ಅಂಗಿ ತಂದು ಕೊಟ್ಟವಳು ಪ್ರೀತಿಯೇ. ಊರಲ್ಲಿ ಅವ್ವ, ಅಪ್ಪ ಮಗ್ಗ ನಿಲ್ಲಿಸಿ ಟಿ.ವಿ. ಮುಂದೆ ಎದ್ದು ನಿಂತಿರುತ್ತಾರೆ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

“ನಿನಗ ಯಾವಾಗ ಗೊತ್ತಾತು?”

“ಮೂರು ದಿನ ಆತು. ಕೋಚ್ ಹೇಳಬ್ಯಾಡ ಅಂದ್ರು. ಗೊತ್ತಾದ್ರ ನೀ ಓಡೂದ ಇಲ್ಲ ಅಂತ ನನಗೂ ಅಂಜಿಕಿ ಬಂತು.”

ಹಾಡು ಮುಗಿದು ಚಪ್ಪಾಳೆ ಬಿತ್ತು. ದಾನಮ್ಮ ಪ್ರೀತಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು.

“ಹೇಳಿದ್ರೂ ನಾ ಓಡತಿದ್ದೆ,” ಅಂದಳು.