ಮೂರನೇ ಮಹಡಿಯ ಪರದೆ

ಬಾಗಿಲಿಗೆ ಬೀಗ. ಕ್ರಿಸ್ಮಸ್ ದಿನ, ಸಂಜೆ ಐದೂವರೆಗೆ, ಮೂರು ಜನ ಇರಬೇಕಾದ ಮನೆಗೆ ಬೀಗ. ನರ್ಸಮ್ಮ ಚಪ್ಪಲಿ ಬಿಡದೆಯೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ಆರು ವರ್ಷದಲ್ಲಿ ಇದೇ ಮೊದಲು, ಆಸ್ಪತ್ರೆಯ ಮೇಟ್ರನ್ನರ ಕಲ್ಲಿನಂಥ ಮನಸ್ಸು ಕರಗಿ ಇಪ್ಪತ್ತೈದರಂದು ಬೇಗ ಕಳಿಸಿದ್ದರು. ಹೇಳದೆ ಬಂದು ಮನೆಯವರನ್ನು ಬೆರಗುಗೊಳಿಸಬೇಕೆಂದಿದ್ದಳು. ಬೆರಗಾದದ್ದು ತಾನೇ.

ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತ ಇಣುಕಿದಳು. "ನಿಮ್ಮತ್ತೆ, ಯಜಮಾನ್ರು, ಪುಟ್ಟಿ ಮೂರೂ ಜನ ಕೇಕಿನ ಡಬ್ಬಿ ಹಿಡ್ಕೊಂಡು ಆಗ್ಲೇ ಹೋದ್ರಲ್ಲ. ಪ್ರತಿ ವರ್ಷ ಇದೇ ಹೊತ್ತಿಗೆ ಹೋಗ್ತಾರೆ. ನಿಮಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು," ಎಂದಳು. ಊರಿಗೆಲ್ಲ ಗೊತ್ತಿದ್ದದ್ದು ಮನೆಯೊಡತಿಗೆ ಗೊತ್ತಿರಲಿಲ್ಲ.

ತಪ್ಪು ತನ್ನದೇ. ಹಬ್ಬದ ಡ್ಯೂಟಿ ಬಿದ್ದ ಮೊದಲ ವರ್ಷವೇ ಕಟ್ಟಪ್ಪಣೆ ಮಾಡಿದ್ದಳು: "ನಮ್ಮನೆ ಹಬ್ಬ ಇಪ್ಪತ್ತೆಂಟಕ್ಕೆ. ಇಪ್ಪತ್ತೈದರ ಮಾತು ನನ್ನೆದುರಿಗೆ ಎತ್ತಬೇಡಿ, ತಡ್ಕೊಳ್ಳೋಕಾಗಲ್ಲ." ಯಾರೂ ಎತ್ತಲಿಲ್ಲ. ಸುಮ್ಮನಿದ್ದು ಹೀಗೆ ಕದ್ದು ಹಬ್ಬ ಮಾಡುತ್ತಿದ್ದರೇ? ನಾದಿನಿಯ ಮನೆಯಲ್ಲೇ ಇರಬೇಕು. ಫೋನು ಕೈಯಲ್ಲಿತ್ತು, ಮಾಡಲು ಅಭಿಮಾನ ಬಿಡಲಿಲ್ಲ. ಹೊಟ್ಟೆ ಉರಿಯಿತು. ಉರಿಯಲೂ ಶಕ್ತಿ ಬೇಕಲ್ಲ, ಆಮೇಲೆ ಬರೀ ಕಾಲು ನೋಯಿತು.

ವಾರ್ಡಿನಲ್ಲೂ ಪ್ರತಿ ವರ್ಷ ಇದೇ ಸಂಕಟ. ಮುಸ್ಸಂಜೆಗೆ ಮೂರನೇ ಮಹಡಿಯ ಕಿಟಕಿಯಾಚೆ, ರಸ್ತೆಯ ಆ ಬದಿಯ ತಾರಸಿಯಲ್ಲಿ ಒಂದು ನಕ್ಷತ್ರ ಹೊತ್ತಿಕೊಳ್ಳುತ್ತಿತ್ತು. ಅದರ ಒಂದು ಮೂಲೆ ಮಾತ್ರ ಕತ್ತಲು. ಸುತ್ತ ಇರುವೆಗಳಷ್ಟು ಕಾಣುವ ಜನ. ಯಾವ ಪುಣ್ಯವಂತೆಯ ಸಂಸಾರವೋ ಅಂದುಕೊಳ್ಳುತ್ತಿದ್ದಳು. ನೋಡಲಾರದೆ ಸರ್ರನೆ ಪರದೆ ಎಳೆದು, ರೋಗಿಗಳ ಜ್ವರ ನೋಡಲು ಹೋಗುತ್ತಿದ್ದಳು.

ಎಂಟು ಗಂಟೆಗೆ ಗೇಟು ಕಿರುಗುಟ್ಟಿತು. ಮೂವರದೂ ಜೋಲು ಮುಖ. ಇವಳನ್ನು ಕಂಡು ಮೂವರೂ ನಿಂತಲ್ಲೇ ನಿಂತರು.

"ಹಬ್ಬ ಜೋರಾಗಿ ಆಯ್ತೇನು?" ಎಂದಳು.

ಗಂಡನ ಕಂಕುಳಲ್ಲಿ ಕಾಗದದ ನಕ್ಷತ್ರವಿತ್ತು. ಹರಿದ ಒಂದು ಮೂಲೆಗೆ ಕರಿ ಟೇಪು ಸುತ್ತಿತ್ತು. ಪುಟ್ಟಿ ಓಡಿ ಬಂದು ಅಮ್ಮನ ಸೊಂಟ ಹಿಡಿದಳು. ಅತ್ತೆ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಕೇಕು ಇಡಿಯಾಗಿಯೇ ಇತ್ತು.

"ಎಲ್ಲಿ ಆಯ್ತಮ್ಮ? ಎರಡು ಗಂಟೆ ಕಾದ್ವಿ," ಎಂದರು ಅತ್ತೆ. "ಪ್ರತಿ ವರ್ಷ ನೀನು ಮೇಲಿಂದ ಪರದೆ ಎಳೆದು ಸನ್ನೆ ಮಾಡಿದ ಮೇಲೆ ತಾನೇ ನಾವು ಕತ್ತರಿಸೋದು?"